ನೀಲಿ ಬಕೆಟ್ಟಿನಲ್ಲಿ ಅಪ್ಪನ ಜಿಗ್

ಭೀಮೇಶ,

ಬಾತ್‌ರೂಮಿನ ನೀಲಿ ಬಕೆಟ್ ಮುಟ್ಟಬೇಡ. ಸ್ನಾನಕ್ಕೆ ಕೆಂಪು ಬಕೆಟ್ ತೊಳೆದಿಟ್ಟಿದೀನಿ.

ಅಪ್ಪನ ಮೀನು ಹಿಡಿಯೋ ಜಿಗ್ ನೀರಲ್ಲಿ ಹೇಗಾಡುತ್ತೆ ಅಂತ ನೋಡೋಕೆ ಇಳಿಬಿಟ್ಟು, ದಾರ ಸುತ್ತದೆ ಜಿಮ್‌ಗೆ ಹೋಗಿದೀಯಲ್ಲ, ಬುದ್ಧಿ ಇದೆಯಾ ನಿಂಗೆ? ಸೀಸದ ತುಂಡಿಗೆ ಕೂದಲು ಕಟ್ಟಿರೋ ಆ ಕೊಕ್ಕೆ ಯಾರ ಕೈಗಾದ್ರೂ ಚುಚ್ಚಿದ್ರೆ? ಎತ್ತಿಡೋಣ ಅಂತ ಗಾಳದ ರಾಡ್ ಹಿಡಿದೆ. ಗೇಣುದ್ದ ನೀರೊಳಗಿಂದ ದಾರ ಎರಡು ಸಲ ಮೆಲ್ಲಗೆ ಜಗ್ಗಿತು.

ನಿಂಗೆ ಕೊರಮೀನು ಹಿಡಿಯೋದು ಕಲಿಸುವಾಗ ಅಪ್ಪ ಇದೇ ಬಾತ್‌ರೂಮಲ್ಲಿ ಕೂತು, ದಾರದ ತುದಿ ಹಿಡಿದು ಹಾಗೇ ಜಗ್ತಿದ್ರು. ಎರಡು ಸಲ ಜಗ್ಗಿದ್ರೆ ತಡಿ ಅಂತ, ಮೂರು ಸಲ ಜಗ್ಗಿದ್ರೆ ಎತ್ತು ಅಂತ. ಅವರು ಕೆರೆ ದಡದ ಮೊಣಕಾಲುದ್ದ ನೀರಲ್ಲಿ ಮುಳುಗಿ ಪ್ರಾಣ ಬಿಟ್ಟು ನಾಳೆಗೆ ಒಂದು ವರ್ಷ.

ಅಮ್ಮನ್ನ ತಿಲಕ್ ನಗರಕ್ಕೆ, ಚಿಕ್ಕಮ್ಮನ ಮನೆಗೆ ಕರ್ಕೊಂಡು ಹೋಗ್ತಿದೀನಿ. ಉಪ್ಪಿಟ್ಟು ಮುಚ್ಚಿಟ್ಟಿದೀನಿ, ತಿಂದು ನೀನೂ ಅಲ್ಲಿಗೇ ಬಾ. ಮೂರು ಸಲ ಜಗ್ಗಿದ್ರೂ ಎತ್ತಬೇಡ ಮರಿ, ದಾರ ಕತ್ತರಿಸಿಬಿಡು. ಬಕೆಟ್ ಪಕ್ಕ ಕತ್ತರಿ ಇಟ್ಟಿದೀನಿ.

ಅಕ್ಕ

ಈಗ ಹೋಗಿ ನೋಡಿದ್ರೆ ಕತ್ತರಿ ಇಲ್ಲ. ಅಮ್ಮ ಆ ಜಾಗದಲ್ಲಿ ಅಪ್ಪನ ಒಗೆದ ಪಂಚೆ, ಮೈ ಒರೆಸೋ ಟವೆಲ್ ಮಡಚಿಟ್ಟಿದಾಳೆ.