ಹಸಿರು ಪೆನ್ಸಿಲ್ಲಿನ ಗೀಟು

ಸೋಮವಾರ, ಒಂಬತ್ತನೇ ತಾರೀಖು
ಆಫೀಸಿನ ಊಟದ ಹೊತ್ತು

ಗುಬ್ಬೀ, ನನ್ನ ಬಂಗಾರವೇ,

ನಿನ್ನ ಕಾಗದ ಶುಕ್ರವಾರ ಬಂತು. ಗಿರಣಿ ಮುಚ್ಚಿ ಆರು ವಾರವಾಯಿತು, ಬಾಯ್ಲರ್ ರಿಪೇರಿ ಮುಗಿಯುವ ಲಕ್ಷಣವಿಲ್ಲ, ನನ್ನ ಅಳಿಯ ಮಹಾಶಯ ದಿನವಿಡೀ ಮನೆಯಲ್ಲಿ ಕೂತು ನಿನ್ನ ಅಡುಗೆಗೆ ತೀರ್ಪು ಕೊಡುತ್ತಿದ್ದಾನೆ ಎಂದು ಬರೆದಿದ್ದೆ. ಓದಿ ಗಟ್ಟಿಯಾಗಿ ನಕ್ಕೆ. ನಗು ಮುಗಿಯುವಷ್ಟರಲ್ಲಿ ಕಡತದ ಕೋಣೆಯ ಬೀಗದ ಕೈ ಕೇಳಲು ಓಡಿದೆ. ಯಾಕೆಂದು ಹೇಳುತ್ತೇನೆ, ನಿನ್ನ ತರ್ಕವನ್ನೆಲ್ಲ ಪಕ್ಕಕ್ಕಿಟ್ಟು ಓದು.

ತಂತಿ ಕೊಡಬಹುದಿತ್ತು. ಹೋದ ವರ್ಷ ಮೊಮ್ಮಗಳನ್ನು ನೋಡುವ ಆಸೆಗೆ ‘ಹುಷಾರಿಲ್ಲ, ಬಾ’ ಎಂದು ಸುಳ್ಳು ತಂತಿ ಕೊಟ್ಟು ನಿನ್ನಿಂದ ಬೈಸಿಕೊಂಡಿದ್ದೇನೆ, ಇನ್ನೊಂದನ್ನು ನೀನು ನಂಬುವುದಿಲ್ಲ. ನಿಜವನ್ನೇ ಬರೆದರೆ ತಂತಿ ಆಫೀಸಿನವರು ನಿನಗಿಂತ ಮೊದಲು ಓದುತ್ತಾರೆ. ನಾನೇ ಬರೋಣವೆಂದರೆ ದಿನದ ಹಾಳೆಗಳು ಬೇರೆಯವರ ಕೈಗೆ ಹೋಗುತ್ತವೆ.

ನನ್ನ ಕೆಲಸ ನಿನಗೆ ಗೊತ್ತು. ಭೂಮಿ ಅಲುಗಿದ್ದನ್ನು ಯಂತ್ರ ಗೀಚುತ್ತದೆ, ನಾನು ಓದುತ್ತೇನೆ. ನಿಮ್ಮೂರಿನ ಸುತ್ತ ನಮ್ಮ ಮೂರು ಯಂತ್ರಗಳಿವೆ. ಒಂದು ಗಿರಣಿಯ ಹಿಂದಿನ ಗುಂಡಿಯಲ್ಲಿ, ಒಂದು ಅಣೆಕಟ್ಟಿನ ಬುಡದಲ್ಲಿ, ಇನ್ನೊಂದು ಗುಡ್ಡದ ಪಾಳುಬಾವಿಯಲ್ಲಿ. ಅವು ಹಿಡಿದದ್ದು ತಂತಿಯಲ್ಲಿ ಹರಿದು ಇಲ್ಲಿ ನನ್ನ ಮೇಜಿನ ಹಾಳೆಗೆ ಬೀಳುತ್ತದೆ. ಲಾರಿ, ರೈಲು, ಗಿರಣಿಯಿಂದಾದ ಅಲುಗಾಟಕ್ಕೆಲ್ಲ ನಾನು ಹಸಿರು ಪೆನ್ಸಿಲ್ಲಿನಲ್ಲಿ ಗೀಟು ಹಾಕಬೇಕು. ಗೀಟು ಬಿದ್ದದ್ದು ಲೆಕ್ಕಕ್ಕಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಿರಣಿಯ ಯಂತ್ರದ ಹಾಳೆಯಲ್ಲಿ ಒಂದು ಸಣ್ಣ ನಡುಕ ದಿನಗಟ್ಟಲೆ ಬರುವುದನ್ನು ಕಂಡು ಆಗಿನ ಮೇಲ್ವಿಚಾರಕರನ್ನು ಕೇಳಿದ್ದೆ. ‘ಗಿರಣೀಲಿ ಕೆಲಸ ಜಾಸ್ತಿ ಇದ್ದಾಗ ಹಾಗೇ ಕಣಮ್ಮಾ. ಅದನ್ನೆಲ್ಲ ಹಿಡ್ಕೊಂಡು ಕೂತ್ರೆ ನಾವು ಮನೆಗೆ ಹೋಗೋದು ಯಾವಾಗ?’ ಎಂದು ನಕ್ಕಿದ್ದರು. ಅಲ್ಲಿಂದ ಹನ್ನೆರಡು ವರ್ಷ ಗೀಟು ಎಳೆದೆ.

ಈಗ ಗಿರಣಿ ನಿಂತಿದೆ, ನಡುಕ ನಿಂತಿಲ್ಲ. ಮುಚ್ಚಿದ ಗಿರಣಿಯ ಹೆಸರಿನಲ್ಲಿ ನಾನು ಮೂವತ್ತೊಂದು ದಿನ ಗೀಟು ಹಾಕಿದ್ದೇನೆ. ಪ್ರತಿ ಹಾಳೆಯ ಕೆಳಗೂ ನನ್ನದೇ ಸಹಿ ಇದೆ.

ಶನಿವಾರ, ಭಾನುವಾರ ಕಡತದ ಕೋಣೆಯಲ್ಲಿ ಧೂಳು ಕುಡಿಯುತ್ತ ಹಳೆಯ ಹಾಳೆಗಳನ್ನೆಲ್ಲ ತೆಗೆದೆ. ಅಣೆಕಟ್ಟಿನದಕ್ಕೆ ನೀರಿನ ಹೊಡೆತ ಎಂದು, ಬಾವಿಯದಕ್ಕೆ ಗಾಳಿ ಎಂದು ನಾನೇ ಬರೆದಿದ್ದೆ. ಮೂರನ್ನೂ ಪಕ್ಕಪಕ್ಕ ಹಾಸಿ ನೋಡಿದರೆ ಒಂದೇ ನಡುಕ. ವರ್ಷಕ್ಕೊಮ್ಮೆ ಬಂದು, ಗುಡ್ಡದ ಕಡೆಯಿಂದ ನಿಧಾನವಾಗಿ ನಿಮ್ಮೂರಿನತ್ತ ಸರಿದು, ಹತ್ತು ಹನ್ನೆರಡು ದಿನಕ್ಕೆ ಸುಮ್ಮನಾಗುತ್ತಿತ್ತು. ತೀರಾ ಆಳದಲ್ಲಿ ನೆಲದ ಎರಡು ಭಾರಿ ಹಾಸುಗಳು ಒಂದರ ಮೇಲೊಂದು ಮೆಲ್ಲಗೆ ಜಾರುವಾಗ ಹೀಗಾಗುತ್ತದೆ ಎನ್ನುತ್ತಾರೆ. ಕೆಳಗೆ ಜಾರಿದಂತೆಲ್ಲ ಮೇಲೆ ಕಚ್ಚಿಕೊಂಡಿರುವ ಭಾಗಕ್ಕೆ ಒತ್ತಡ ಬೀಳಬಹುದು. ಸಿಕ್ಕಿಕೊಂಡ ಮೇಜಿನ ಖಾನೆ ಎಳೆದೂ ಎಳೆದೂ ಕೊನೆಗೆ ಒಮ್ಮೆಲೇ ಕಿತ್ತು ಬರುವುದಿಲ್ಲವೇ, ಹಾಗೆ. ಕಿತ್ತು ಬಂದರೆ ಅದೇ ಭೂಕಂಪ. ಪ್ರತಿ ಸಲವೂ ಕಿತ್ತು ಬರುತ್ತದೆಂದಲ್ಲ. ಯಾವತ್ತು ಎಂದು ಹೇಳಬಲ್ಲವರು ಯಾರೂ ಇಲ್ಲ, ನಾನಂತೂ ಅಲ್ಲ. ಆದರೆ ಈ ಸಲ ಅದು ಸುಮ್ಮನಾಗಿಲ್ಲ. ಹೋದ ಬುಧವಾರದಿಂದ ನಿಮ್ಮೂರಿನ ಕೆಳಗೇ ಸಣ್ಣ ಸಣ್ಣ ಪೆಟ್ಟುಗಳು ಬೇರೆ ಶುರುವಾಗಿವೆ. ನಿನ್ನೆ ಒಂಬತ್ತು, ಇವತ್ತು ಈ ಹೊತ್ತಿಗೇ ಹದಿನೇಳು.

ಆದ್ದರಿಂದ ಈ ಕಾಗದ ಸಿಕ್ಕ ದಿನವೇ ಮೂವರೂ ಹೊರಡಿ. ಮಗುವಿನ ಸ್ವೆಟರ್ ಮರೆಯಬೇಡ. ಕೇಳಿದವರಿಗೆ ಅಮ್ಮನಿಗೆ ಹುಷಾರಿಲ್ಲ ಎನ್ನು. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದು ಹೆತ್ತ ನನಗೆ ಗೊತ್ತಿಲ್ಲವೇ? ಶಿಶುವಿಹಾರದ ಇಪ್ಪತ್ತೆರಡು ಮಕ್ಕಳನ್ನು ಬಿಟ್ಟು ಹೇಗೆ ಬರಲಿ ಎನ್ನುತ್ತೀಯ. ಒಂದು ವಾರ ಬೀಗ ಹಾಕು. ಆ ಕಟ್ಟಡವನ್ನು ನಾನು ನೋಡಿದ್ದೇನೆ, ಮೂರು ಅಂತಸ್ತಿನ ಹಳೆಯ ಇಟ್ಟಿಗೆ, ಅದರ ಕೆಳಗೆ ನೀವು. ಉಳಿದವರ ಚಿಂತೆ ನಿನಗೆ ಬೇಡ. ವರದಿ ಬರೆದು ಸಾಹೇಬರಿಗೆ ಕೊಟ್ಟಾಗಿದೆ, ಮಾಡಬೇಕಾದವರು ಮಾಡುತ್ತಾರೆ.

ನನಗೆ ಹೆದರಿಕೆಯಾಗಿದೆ, ಮಗಳೇ. ನಿನ್ನ ಅಪ್ಪ ಹೋದಾಗಲೂ ನಾನು ನಿನಗೆ ಹೀಗೆ ಬರೆದವಳಲ್ಲ. ಬೆಳಿಗ್ಗೆ ಹೊಸ ಹಾಳೆ ಬಿಡಿಸಿ ಪೆಟ್ಟುಗಳನ್ನು ಎರಡೆರಡು ಸಲ ಎಣಿಸುತ್ತೇನೆ. ನೀನು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವವರೆಗೆ ನನಗೆ ಊಟ ಸೇರುವುದಿಲ್ಲ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ತಾ.ಕ.: ಸಾಹೇಬರಿಗೆ ಕೊಟ್ಟಿಲ್ಲ. ಲಕೋಟೆ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ, ನಿನಗೆ ಸುಳ್ಳು ಹೇಳಿ ಕಳಿಸಲು ಮನಸ್ಸು ಒಪ್ಪಲಿಲ್ಲ. ವರದಿ ನನ್ನ ಕೈಚೀಲದಲ್ಲಿದೆ. ನನ್ನ ಸಹಿಗಳಿಗೆ ಹೆದರಿ ಅಲ್ಲ, ಮಾಡಿದ್ದುಣ್ಣೋ ಮಹಾರಾಯ ಎಂದು ಅದಕ್ಕೆ ತಯಾರಾಗಿದ್ದೇನೆ. ನಿಮ್ಮೂರಿನಿಂದ ಆಚೆ ಬರಲು ಇರುವುದು ಒಂದೇ ಸೇತುವೆ. ಸುದ್ದಿ ಬಿದ್ದ ಗಳಿಗೆಯಲ್ಲಿ ಇಡೀ ಊರು ಅದರ ಮೇಲಿರುತ್ತದೆ. ಅಷ್ಟರೊಳಗೆ ನೀವು ಮೂವರು ದಾಟಿರಬೇಕು. ಕಾಗದ ನಿನ್ನ ಕೈ ಸೇರಲು ಮೂರು ದಿನ, ನೀವು ಬಂದು ಮುಟ್ಟಲು ಒಂದು ದಿನ. ಶುಕ್ರವಾರ ಸಂಜೆ ಕೊಡುತ್ತೇನೆ. ಅಲ್ಲಿಯವರೆಗೆ ಇದು ಗೊತ್ತಿರುವುದು ನನಗೊಬ್ಬಳಿಗೇ. ಆ ಇಪ್ಪತ್ತೆರಡು ಮಕ್ಕಳಿಗೂ ಅಮ್ಮಂದಿರಿದ್ದಾರೆ ಎಂದು ನೀನು ಹೇಳುತ್ತೀಯ. ಹೇಳಬೇಡ, ಬಾ.