ಓದಿ ಹೇಳದ ಸಾಲು

ಕಸ್ತೂರಿ ವೈನಿ,

ಅಣ್ಣನ ಮನೆ ಬಿಟ್ಟ ಅತ್ತಿಗೆಯನ್ನು ಹೀಗೆ ಕರೆಯಬಹುದೋ ಇಲ್ಲವೋ, ಈ ಕಾಗದವಂತೂ ನಿಮಗೆ ಮುಟ್ಟುವುದಿಲ್ಲ.

ಇವತ್ತು ಅಫಜಲಪುರದಲ್ಲಿ ನನ್ನ ಸ್ಕ್ಯಾನಿಂಗ್ ಆಯಿತು. ನನಗೀಗ ಮೂರು ತಿಂಗಳು. ಡಾಕ್ಟರಮ್ಮ ಪರದೆ ನೋಡುತ್ತಾ, "ನಿನ್ನ ಗರ್ಭಚೀಲ ಹಿಂದಕ್ಕ ಬಾಗ್ಯಾದ" ಅಂದರು. ನಾನು ದಿಗಿಲುಬಿದ್ದು ಎದ್ದೇ ಕೂತೆ. "ಅಂಜಬ್ಯಾಡವ್ವಾ, ಐದು ಮಂದ್ಯಾಗ ಒಬ್ಬಾಕಿಗೆ ಹಂಗೇ ಇರ್ತದ. ಅದರಿಂದ ಬಸುರಾಗಾಕ ಏನೂ ಅಡ್ಡಿ ಇಲ್ಲ. ನೀನೇ ಆಗೀಯಲ್ಲ!" ಎಂದು ನಕ್ಕರು. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಆರು ವರ್ಷದ ಹಿಂದೆ, ಮಕ್ಕಳಾಗಲಿಲ್ಲವೆಂದು ಸ್ಕ್ಯಾನಿಂಗ್ ಮಾಡಿಸಿ ಆಳಂದದಿಂದ ತಂದ ನಿಮ್ಮ ರಿಪೋರ್ಟಿನಲ್ಲೂ ಇದೇ ಇತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಓದಿ ಹೇಳಿದೆ. ‘ಬಾಗಿದೆ’ ಎಂದದ್ದೇ ಅವ್ವ ಹಣೆ ಬಡಿದುಕೊಂಡಳು. ಕೊನೆಯ ಸಾಲಿನಲ್ಲಿ ‘ಎಲ್ಲ ಸರಿಯಿದೆ’ ಎಂದಿತ್ತು, ವೈನಿ. ನಾನು ಕಾಗದ ಮಡಚಿಬಿಟ್ಟೆ. ಅಣ್ಣನನ್ನು ಯಾರೂ ಡಾಕ್ಟರಿಗೆ ತೋರಿಸಲಿಲ್ಲ. ನಿಮ್ಮನ್ನು ಮಾತ್ರ ಹಿಡಿ ಅಕ್ಕಿ ಹಾಕಿ ಉಡಿ ಕೂಡ ತುಂಬದೆ, ತವರಿಗೆಂದು ಜೇವರ್ಗಿ ಬಸ್ಸಿಗೆ ಹತ್ತಿಸಿದರು.

ಈಗಷ್ಟೇ ಅವ್ವನ ಫೋನು ಬಂದಿತ್ತು. "ಘತ್ತರಗಿ ಗುಡಿಗೆ ಹೋಗಿ ನಿನ್ನ ಉಡಿ ತುಂಬಿಸ್ತೇನಿ. ರಿಪೋರ್ಟಿನಾಗ ಏನದ, ಓದಿ ಹೇಳಬೇ" ಅಂದಳು.

ನಾನಿನ್ನೂ ಅದರ ಮಡಿಕೆ ಬಿಚ್ಚಿಲ್ಲ.