ಜೂಡಿತಳನ್ನು ಕೇಳಲು ಬರುತ್ತಾರೆ

ಲಾ ರೂವಿಯೇರ್, ಸೆವೆನ್ ಬೆಟ್ಟಸೀಮೆ, ಫ್ರಾನ್ಸ್
೧೮ ಏಪ್ರಿಲ್ ೧೭೯೦

ಪ್ರೀತಿಯ ಮಗಳು ಜೂಡಿತಳಿಗೆ,

ಮಠದಲ್ಲಿ ನಿನ್ನನ್ನು ಬೇರೆ ಹೆಸರಿನಿಂದ ಕರೆಯುತ್ತಾರೆಂದು ಗೊತ್ತು. ನನ್ನ ಕೈಗೆ ಬರುವುದು ಇದೊಂದೇ ಹೆಸರು, ಕ್ಷಮಿಸು. ಇಷ್ಟು ವರ್ಷ ಬರೆಯದೆ ಇದ್ದುದಕ್ಕೂ ಕ್ಷಮಿಸು. ಕ್ಯಾಥೊಲಿಕ್ ಮಾಡಲೆಂದು ಏಳು ವರ್ಷದ ನಿನ್ನನ್ನು ರಾಜನ ಸಿಪಾಯಿಗಳು ಮಠಕ್ಕೆ ಎತ್ತಿಕೊಂಡು ಹೋದ ಮೇಲೆ ಬರೆದ ಕಾಗದಗಳನ್ನೆಲ್ಲ ಮಠದವರು ಒಡೆಯದೆ ಹಿಂದಕ್ಕೆ ಕಳಿಸಿದರು. ನಿನಗೆ ಹದಿನಾಲ್ಕಾದಾಗ ಒಮ್ಮೆ ನೋಡಲು ಬಿಟ್ಟರಲ್ಲ, ಆಗ ನೀನು ಕಬ್ಬಿಣದ ಜಾಲರಿಯ ಆಚೆ ನಿಂತು, “ನಿಮ್ಮ ಆತ್ಮಕ್ಕಾಗಿ ದಿನಾ ಬೇಡ್ಕೋತೀನಮ್ಮಾ” ಅಂದೆ. ನಮ್ಮ ಪ್ರಾಟೆಸ್ಟೆಂಟ್ ಮತ ತಪ್ಪೆಂದು ನಮ್ಮ ಮಗಳೇ ಹೇಳಿದ ಹಾಗಾಯಿತು. ಆ ಸಿಟ್ಟಿನಲ್ಲಿ ಮನೆಗೆ ಬಂದವಳು ಮತ್ತೆ ಲೇಖನಿ ಮುಟ್ಟಲಿಲ್ಲ.

ನಿನ್ನ ಅಪ್ಪನಿಗೆ ಎಪ್ಪತ್ತೆರಡು. ಮಂಡಿ ನೋವು, ಬಾಯಿ ಮಾತ್ರ ಹಾಗೇ ಇದೆ. ನೀನು ಹೋದ ಮೇಲೆ ಹುಟ್ಟಿದ ತಮ್ಮ ಗೆದೆಯೋನ್ ಈಗ ಇಬ್ಬರು ಹೆಣ್ಣುಮಕ್ಕಳ ತಂದೆ. ರೇಷ್ಮೆಹುಳದ ಮೊಟ್ಟೆಗಳು ಒಡೆಯುವ ಕಾಲ, ಮನೆಯಲ್ಲಿ ಕಾಲಿಡಲು ಜಾಗವಿಲ್ಲ.

ಊರಿನವರಿಗೆ ಕರಾರುಪತ್ರಗಳನ್ನು ಬರೆದುಕೊಡುವ ನೋಟರಿ ತೆಸಿಯೇ ನಿನಗೆ ನೆನಪಿರಲಾರ. ನಿನ್ನ ಜೊತೆ ಚೆಸ್ಟ್‌ನಟ್ ಆಯುತ್ತಿದ್ದ ಸಣಕಲ ಹುಡುಗ. ಅವನು ಜಿನೀವಾದಿಂದ ಕದ್ದುಮುಚ್ಚಿ ತರಿಸಿದ ಪುಸ್ತಕಗಳನ್ನು ಹಿಟ್ಟಿನ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದ. “ಮನುಷ್ಯನ ಮನಸ್ಸಿಗೆ ರಾಜನೂ ಯಜಮಾನನಲ್ಲ, ಪಾದ್ರಿಯೂ ಅಲ್ಲ ಅಂತ ಬರ್ದಿದೆ” ಎಂದು ಅವನು ಪಿಸುಗುಟ್ಟಿದರೆ ನಿನ್ನ ಅಪ್ಪ, “ಓದ್ಕೋ ಓದ್ಕೋ, ಗಲ್ಲಿಗೆ ಹಾಕೋವಾಗ ದಾರಿ ಖರ್ಚಿಗಾಗುತ್ತೆ” ಎಂದು ನಗುತ್ತಿದ್ದರು. ಹೋದ ವರ್ಷ ಪ್ಯಾರಿಸಿನ ಸಭೆ ಅಚ್ಚು ಹಾಕಿಸಿ ಕಳಿಸಿದ ಹಕ್ಕುಗಳ ಪತ್ರವನ್ನು ಅದೇ ತೆಸಿಯೇ ಚೌಕದಲ್ಲಿ ನಿಂತು ಗಟ್ಟಿಯಾಗಿ ಓದಿದ. ಮತದ ಕಾರಣಕ್ಕೆ ಇನ್ನು ಯಾರನ್ನೂ ಕಾಡುವಂತಿಲ್ಲ ಎಂಬಲ್ಲಿಗೆ ಬಂದಾಗ ನಿನ್ನ ಅಪ್ಪ ಟೊಪ್ಪಿಗೆ ತೆಗೆದು, “ಇನ್ನೊಂದ್ಸಲ ಓದಯ್ಯ” ಅಂದರು. ಮೂರು ಸಲ ಓದಿಸಿದರು.

ಮೊನ್ನೆ ತೆಸಿಯೇ ಮನೆಗೆ ಬಂದ. ಮಠದ ವ್ರತಗಳಿಗೆ ಕಾನೂನಿನ ಕಟ್ಟು ಇನ್ನಿಲ್ಲವಂತೆ. ಪ್ರತಿಯೊಬ್ಬ ಸನ್ಯಾಸಿನಿಯನ್ನೂ ಇರುತ್ತೀಯೋ ಹೊರಡುತ್ತೀಯೋ ಎಂದು ಕೇಳಲು ಅಧಿಕಾರಿಗಳು ಬರುತ್ತಾರೆ. ನಿನ್ನ ಮಠಕ್ಕೆ ಬರುವವರಲ್ಲಿ ಅವನೂ ಒಬ್ಬ.

ನಿನ್ನ ಅಪ್ಪ ಎದ್ದೇ ಬಿಟ್ಟರು. “ಗೆದೆಯೋನ್, ಗಾಡಿ ಕಟ್ಟೋ! ನನ್ನ ಮಗಳು, ನಾನು ಕರ್ಕೊಂಡು ಬರ್ತೀನಿ. ಕೇಳೋದೇನು ಅದ್ರಲ್ಲಿ?”

“ಹಾಗಾಗಲ್ಲ ಅಬ್ರಾಮಣ್ಣ,” ಎಂದ ತೆಸಿಯೇ. “ಬಾಗಿಲು ಹಾಕಿ ಒಬ್ಬೊಬ್ಬರನ್ನೇ ಕೇಳ್ತೀವಿ. ಮಠದ ತಾಯಿನೂ ಒಳಗಿರಲ್ಲ, ಹೆತ್ತ ತಾಯಿನೂ ಇರಲ್ಲ.”

“ಅವಳು ಅಲ್ಲೇ ಇರ್ತೀನಿ ಅಂದ್ರೆ?”

“ಹಾಗೇ ಬರ್ಕೊಂಡು ರುಜು ಹಾಕಿಸ್ಕೋತೀನಿ.”

“ಥೂ! ಇದಕ್ಕಾ ನೀನು ಅಷ್ಟೊಂದು ಪುಸ್ತಕ ಓದಿದ್ದು?”

“ಇದಕ್ಕೇ ಅಣ್ಣ.”

ನಿನ್ನ ಅಪ್ಪ ಸೂಪಿನ ಬಟ್ಟಲು ತಳ್ಳಿದರು. ಆಗ ನಾನು ಹೇಳಿದೆ: “ಅವಳನ್ನ ಎತ್ಕೊಂಡು ಹೋದೋರೂ ‘ಇವಳು ನಮ್ಮವಳು’ ಅಂತಲೇ ಅಂದಿದ್ರು ಕಣ್ರೀ. ನೀವೂ ಅದನ್ನೇ ಅಂತಿದ್ದೀರಿ.” ನಲವತ್ತೇಳು ವರ್ಷದ ಸಂಸಾರದಲ್ಲಿ ಅವರು ಸೂಪು ಅರ್ಧಕ್ಕೆ ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನೋಡಿದರೆ ಒಲೆಯ ಪಕ್ಕದ ಕೋಣೆಯಿಂದ ಹುಳದ ತಟ್ಟೆಗಳನ್ನೆಲ್ಲ ಒಂದೊಂದಾಗಿ ಹೊರಗೆ ಹೊರುತ್ತಿದ್ದಾರೆ. ಈ ಕಾಲದಲ್ಲಿ ಬೆಚ್ಚಗಿನ ಕೋಣೆ ಬಿಟ್ಟುಕೊಡುವುದೆಂದರೆ ವರ್ಷದ ಗಳಿಕೆಯನ್ನೇ ಪಣಕ್ಕಿಟ್ಟ ಹಾಗೆಂದು ನಿನಗೆ ಗೊತ್ತಲ್ಲ. “ಅವಳು ಬರದೇ ಇದ್ರೆ?” ಎಂದು ಗೆದೆಯೋನ್ ಕೇಳಿದ. “ಬರದಿದ್ರೆ ತಟ್ಟೆ ವಾಪಸ್ ಇಟ್ರಾಯ್ತಪ್ಪ. ನಿನಗೇನು ಕಷ್ಟ, ಹೊರೋನು ನಾನು” ಅಂದರು.

ಕೋಣೆಗೆ ಸುಣ್ಣ ಹೊಡೆದಿದ್ದೇವೆ. ನೀನು ಬಂದರೆ ನಿನ್ನ ಜಪಮಾಲೆ, ನಿನ್ನ ಶಿಲುಬೆ ತೆಗೆದುಕೊಂಡೇ ಬಾ. ಈ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅಪ್ಪ ಒಂದಿಷ್ಟು ಗೊಣಗಬಹುದು. ಅಲ್ಲೇ ಇರಬೇಕೆನ್ನಿಸಿದರೆ ಇರು, ನಾನೇ ನೋಡಲು ಬರುತ್ತೇನೆ, ಈ ಸಲ ಸಿಟ್ಟು ಮಾಡಿಕೊಳ್ಳುವುದಿಲ್ಲ. ದೇವರು, ನಿನ್ನವನೂ ನನ್ನವನೂ ಒಬ್ಬನೇ ಆಗಿರುವವನು, ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಇಸಬೋ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನನ್ನು ಎತ್ತಿಕೊಂಡು ಹೋದ ದಿನ ಸಿಪಾಯಿಗಳ ಜೊತೆ ಬಂದ ಅಧಿಕಾರಿ ಕೆಟ್ಟವನಾಗಿರಲಿಲ್ಲ. “ಭಾನುವಾರ ಮಗೂನ ನಮ್ಮ ಚರ್ಚಿಗೆ ಕಳಿಸ್ತೀನಿ ಅಂತ ಒಂದು ಮಾತು ಹೇಳಮ್ಮ, ನಾನು ಹಿಂದಕ್ಕೆ ಹೋಗ್ತೀನಿ” ಎಂದಿದ್ದ. ನೀನು ನನ್ನ ಲಂಗ ಹಿಡಿದು, “ಹ್ಞೂಂ ಅನ್ನಮ್ಮಾ, ಹ್ಞೂಂ ಅನ್ನು” ಎಂದು ಅಳುತ್ತಿದ್ದೆ. ನಾನು ಇಲ್ಲ ಅಂದೆ. ನನ್ನ ದೇವರಿಗಾಗಿ ನಿನ್ನನ್ನು ಕೊಟ್ಟೆ. ಊರಿನವರು ಮೂವತ್ತೆಂಟು ವರ್ಷದಿಂದ ನನ್ನನ್ನು ಗಟ್ಟಿ ಹೆಂಗಸು ಎಂದು ಹೊಗಳುತ್ತಾರೆ, ನಾನು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತೇನೆ. ಅಂದು ನಿನ್ನ ಮಾತು ಲೆಕ್ಕಕ್ಕೆ ಬರಲಿಲ್ಲ. ಇನ್ನು ಹತ್ತು ದಿನಕ್ಕೆ, ಅವರು ಕೇಳಲು ಬಂದಾಗ, ಲೆಕ್ಕಕ್ಕೆ ಬರುತ್ತದೆ. ತೆಸಿಯೇಗೆ ಎಡಗಿವಿ ಮಂದ. ಏನೇ ಹೇಳುವುದಿದ್ದರೂ ಜೋರಾಗಿ ಹೇಳು, ಮಗಳೇ.